ಅದೇ ನಾಟಕ, ಇವತ್ತಿನ ಮಾತು

ಹಳೆಯ ಹಾಸ್ಯ ತಂಡವೊಂದು ಮತ್ತೆ ಒಟ್ಟುಗೂಡಿ ರಂಗಕ್ಕೆ ಬರುತ್ತದೆ ಎಂದರೆ ಟಿಕೆಟ್ಟಿಗೆ ಸಾಲು ನಿಲ್ಲುವವರಲ್ಲಿ ಎರಡು ಬಗೆಯವರಿರುತ್ತಾರೆ. ಒಂದು ಕಾಲದಲ್ಲಿ ನಕ್ಕಿದ್ದನ್ನು ಇನ್ನೊಮ್ಮೆ ನಗಬೇಕು ಅನ್ನುವವರು ಮೊದಲನೆಯವರು. ಅಪ್ಪ, ಚಿಕ್ಕಪ್ಪಂದಿರು ಊಟದ ಹೊತ್ತಿನಲ್ಲಿ ಹೇಳಿ ಹೇಳಿ ನಗುತ್ತಿದ್ದುದು ಏನಿರಬಹುದು ಎಂದು ನೋಡಲು ಬರುವವರು ಎರಡನೆಯವರು. ಮೊದಲನೆಯವರಿಗೆ ಬೇಕಾದದ್ದು ನೆನಪು, ಎರಡನೆಯವರಿಗೆ ನಾಟಕ. ಒಂದೇ ರಾತ್ರಿ ಇಬ್ಬರಿಗೂ ಊಟ ಬಡಿಸುವುದು ಕಷ್ಟದ ಕೆಲಸ. ಮರಳಿ ಬಂದ ಎಷ್ಟೋ ತಂಡಗಳು ಮೊದಲನೆಯವರಿಗೆ ಬಡಿಸಿ ಎರಡನೆಯವರನ್ನು ಉಪವಾಸ ಕಳಿಸುತ್ತವೆ.

ದುಃಖದ ನಾಟಕಕ್ಕೆ ಈ ತೊಂದರೆ ಕಡಿಮೆ. ಹರಿಶ್ಚಂದ್ರ ಸುಡುಗಾಡಿನಲ್ಲಿ ನಿಂತರೆ ನೂರು ವರ್ಷದ ಹಿಂದೆಯೂ ಕಣ್ಣೀರು, ಈಗಲೂ ಕಣ್ಣೀರು. ನಗುವಿಗೆ ಅಂಥ ಭಾಗ್ಯವಿಲ್ಲ. ನಗೆಮಾತು ಕೇಳುವವನ ಕಾಲಕ್ಕೆ, ಊರಿಗೆ, ಆ ವಾರದ ಪೇಪರಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಹಾಸ್ಯ ತಂಡವೊಂದು ಹಿಂತಿರುಗಿದಾಗ ವಿಮರ್ಶಕ ಕೇಳಬೇಕಾದ ಪ್ರಶ್ನೆ ಸರಳವಾದದ್ದು: ಹಿಂತಿರುಗಿದ್ದು ಏನು? ಮಾತೋ, ಮನುಷ್ಯರೋ, ಇಲ್ಲಾ ಆ ಮಾತು ಆಡಲು ಒಮ್ಮೆ ಇದ್ದ ಧೈರ್ಯವೋ?

ಮಾತೇ ಹಿಂತಿರುಗಿದ ಉದಾಹರಣೆ ಇಂಗ್ಲೆಂಡಿನ ಮಾಂಟಿ ಪೈಥಾನ್ ತಂಡದ್ದು. 1969ರಿಂದ 1974ರವರೆಗೆ ಬಿಬಿಸಿ ಟೆಲಿವಿಷನ್ನಿನಲ್ಲಿ 45 ಕಂತುಗಳಲ್ಲಿ ನಗೆಯ ವ್ಯಾಕರಣವನ್ನೇ ಬುಡಮೇಲು ಮಾಡಿದ ಆರು ಜನ ಅವರು. ಅವರಲ್ಲಿ ಗ್ರಹಾಂ ಚಾಪ್ಮನ್ 1989ರಲ್ಲಿ ತೀರಿಕೊಂಡರು. ಉಳಿದ ಐವರು 2014ರ ಜುಲೈನಲ್ಲಿ ಲಂಡನ್ನಿನ ಓ2 ಅರೇನಾದಲ್ಲಿ ಹತ್ತು ಪ್ರದರ್ಶನ ಕೊಟ್ಟರು. ಮೊದಲ ಪ್ರದರ್ಶನದ ಟಿಕೆಟ್ಟುಗಳು ಒಂದು ನಿಮಿಷದೊಳಗೆ ಖಾಲಿಯಾದವು. ಮತ್ತೆ ಕೂಡಿದ್ದಕ್ಕೆ ಅವರು ಕೊಟ್ಟ ಕಾರಣದಲ್ಲಿ ಮುಚ್ಚುಮರೆ ಇರಲಿಲ್ಲ. ಹಳೆಯ ಸಿನಿಮಾದ ನಿರ್ಮಾಪಕರೊಬ್ಬರು ಹೂಡಿದ್ದ ದಾವೆಯಲ್ಲಿ 2013ರಲ್ಲಿ ಸೋತು, ದೊಡ್ಡ ಮೊತ್ತದ ಖರ್ಚು ತಲೆಯ ಮೇಲೆ ಬಂದಿತ್ತು. ಸತ್ತ ಗೆಳೆಯನನ್ನೂ ಸೇರಿಸಿಕೊಂಡು, ಒಬ್ಬ ಹೋದ, ಐವರು ಬಾಕಿ ಎನ್ನುವ ಅರ್ಥದ ಅಡಿಬರಹವನ್ನೂ ಪ್ರದರ್ಶನಕ್ಕೆ ಹಾಕಿಕೊಂಡರು. ಸಾಲಕ್ಕೂ ಸಾವಿಗೂ ನಗುವ ಗುಣ ಅವರಲ್ಲಿ ಹಾಗೇ ಉಳಿದಿತ್ತು.

ಆದರೆ ರಂಗದ ಮೇಲೆ ನಡೆದದ್ದು ಬೇರೆ. ಸತ್ತ ಗಿಣಿಯನ್ನು ಅಂಗಡಿಗೆ ಹಿಂತಿರುಗಿಸಲು ಬಂದ ಗಿರಾಕಿ, ಗಿಣಿ ಬದುಕಿದೆ ಎಂದೇ ವಾದಿಸುವ ಅಂಗಡಿಯವನು. ಈ ಪ್ರಸಂಗದ ಒಂದೊಂದು ಸಾಲೂ ಪ್ರೇಕ್ಷಕರಿಗೆ ಬಾಯಿಪಾಠ. ನಟ ಬಾಯಿ ತೆರೆಯುವ ಮೊದಲೇ ಸಭಾಂಗಣದಲ್ಲಿ ನಗು. ಅದು ನಗುವಿಗಿಂತ ಹೆಚ್ಚಾಗಿ ಗುರುತು ಹಿಡಿದ ಸಂತೋಷ. ಭಜನೆಗೆ ದನಿ ಕೂಡಿಸಿದ ಹಾಗೆ. ಒಂದು ಸಂಗತಿ ಮಾತ್ರ ಗಮನಿಸಬೇಕು. ಜಾನ್ ಕ್ಲೀಸ್, ಮೈಕೆಲ್ ಪೇಲಿನ್ ಎದುರುಬದುರು ನಿಂತು ನಗು ತಡೆಯಲಾಗದೆ ಮಾತು ತಪ್ಪಿದ ಗಳಿಗೆಗಳಿವೆಯಲ್ಲ, ಜನ ಹೆಚ್ಚು ಖುಷಿಪಟ್ಟದ್ದು ಅವಕ್ಕೆ. ಯಾಕೆಂದರೆ ಆ ಗಳಿಗೆ ಮಾತ್ರ ಆ ರಾತ್ರಿಯದು, ಉಳಿದದ್ದೆಲ್ಲ 1969ರದು. ಬರೆದ ಮಾತನ್ನೇ ಮೂರ್ತಿ ಮಾಡಿ ಕೂರಿಸಿದ ತಂಡದಲ್ಲೂ ಜನ ಹುಡುಕುವುದು ಮೂರ್ತಿ ಅಲುಗಾಡಿದ ಕ್ಷಣವನ್ನು.

ನಮ್ಮಲ್ಲಿ ನಾಟಕ ಕಂಪನಿಗಳ ಹಾಸ್ಯ ಈ ದಾರಿಯಲ್ಲಿ ನಡೆದದ್ದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ನೆನೆದರೆ ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನು ರಂಗಕ್ಕೆ ತಂದ ವೈಭವ ಎಲ್ಲರಿಗೂ ನೆನಪಾಗುತ್ತದೆ. ಆದರೆ ಅಷ್ಟೆಲ್ಲ ವೈಭವದ ಒಡೆಯರಾದ ಗುಬ್ಬಿ ವೀರಣ್ಣ ಮೂಲದಲ್ಲಿ ಹಾಸ್ಯನಟ. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರ ಹೆಸರಿಗೆ ಅಂಟಿಕೊಂಡಿತು. ಆ ನಾಟಕ 1935ರಲ್ಲಿ ಸಿನಿಮಾ ಕೂಡ ಆಯಿತು. ವೀರಣ್ಣ 1972ರಲ್ಲಿ ತೀರಿಕೊಂಡ ಮೇಲೆ, ಅವರ ಮೊಮ್ಮಗಳು ಬಿ. ಜಯಶ್ರೀ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದು, ತಾತ ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ ಬಂದವರು, ಆಧುನಿಕ ರಂಗಭೂಮಿಯ ನಿರ್ದೇಶಕಿ, ಕಂಪನಿಯ ಹಾಡು, ಕಂಪನಿಯ ಮಾತು, ಕಂಪನಿಯ ಕುಣಿತವನ್ನು ಕೀಳೆಂದು ಬದಿಗೆ ಸರಿಸಲಿಲ್ಲ. ಆದರೆ ತಾತನ ನಕಲೂ ಆಗಲಿಲ್ಲ. ಗಂಡಸರು ಹೆಣ್ಣುವೇಷ ಕಟ್ಟುತ್ತಿದ್ದ ರಂಗಭೂಮಿಯ ಕಳ್ಳನನ್ನು ಹೆಣ್ಣೊಬ್ಬಳು ಕಟ್ಟಿದಾಗ ಹಳೆಯ ಪಾತ್ರಕ್ಕೆ ತಾನಾಗಿ ಹೊಸ ಚೇಷ್ಟೆ ಬಂತು. ಇಲ್ಲಿ ಹಿಂತಿರುಗಿದ್ದು ಒಂದು ಮೈ. ಒಂದು ಮನೆತನದ ದನಿ, ನಡಿಗೆ, ತಾಳ ಇನ್ನೊಬ್ಬರ ಮೈಯಲ್ಲಿ ಇಳಿದು ಬಂದವು.

ಮೂರನೆಯ ದಾರಿ ಹಿರಣ್ಣಯ್ಯ ಮಿತ್ರ ಮಂಡಳಿಯದು. ನನ್ನ ಮಾತೆಲ್ಲ ಮುಖ್ಯವಾಗಿ ಇದರ ಬಗ್ಗೆ. ಕಲ್ಚರ್ಡ್ ಕಮೆಡಿಯನ್ ಎಂದೇ ಹೆಸರಾಗಿದ್ದ ಕೆ. ಹಿರಣ್ಣಯ್ಯ ಕಟ್ಟಿದ ತಂಡ ಅದು. ಅವರು ಪಿಟೀಲು ಚೌಡಯ್ಯನವರ ಜೊತೆ ಸೇರಿ 1943ರಲ್ಲಿ 'ವಾಣಿ' ಸಿನಿಮಾ ಮಾಡಿದವರು. 1953ರಲ್ಲಿ ಅವರು ತೀರಿಕೊಂಡಾಗ ಮಗ ನರಸಿಂಹಮೂರ್ತಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಚದುರಿದ ಮಂಡಳಿಯನ್ನು ಆ ಹುಡುಗ ಮತ್ತೆ ಕೂಡಿಸಿದ, ಮಾಸ್ಟರ್ ಹಿರಣ್ಣಯ್ಯ ಆದ. ಅಂದರೆ ನಾವು ಬಲ್ಲ ಈ ಮಂಡಳಿ ಶುರುವಾದದ್ದೇ ಒಂದು ಪುನರ್ಮಿಲನದಿಂದ. ಅಪ್ಪನ ನಾಟಕಗಳನ್ನು ಅಪ್ಪನ ಹಾಗೆಯೇ ಆಡಿಕೊಂಡು ಇದ್ದುಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಹೆಸರು ಉಳಿಸಿಕೊಂಡರು, ಗುರಿ ಬದಲಾಯಿಸಿದರು. ಸ್ವತಂತ್ರ ದೇಶದ ಕಚೇರಿ, ಮಂತ್ರಿ, ಕಂಟ್ರಾಕ್ಟರು, ಇವರು ನಗೆಯ ಗುರಿಯಾದರು. 'ಲಂಚಾವತಾರ' ಹತ್ತು ಸಾವಿರಕ್ಕೂ ಹೆಚ್ಚು ಪ್ರದರ್ಶನ ಕಂಡಿತು.

ಅವರ ನಾಟಕಗಳ ಹೆಸರುಗಳನ್ನೇ ಒಮ್ಮೆ ಸಾಲಾಗಿ ಓದಿ ನೋಡಿ: 'ಲಂಚಾವತಾರ', 'ಭ್ರಷ್ಟಾಚಾರ', 'ಅನಾಚಾರ', 'ಅತ್ಯಾಚಾರ', 'ಸದಾಚಾರ', 'ನಡುಬೀದಿ ನಾರಾಯಣ', 'ಕಪಿಮುಷ್ಟಿ', 'ಮಕ್ಮಲ್ ಟೋಪಿ'. ಹೆಸರಿನಲ್ಲೇ ವಿಧಾನ ಕಾಣುತ್ತದೆ. ಪುರಾಣದ ಅವತಾರಕ್ಕೆ ಲಂಚ ಸೇರಿಸಿದರೆ ದೇವರ ಜಾಗಕ್ಕೆ ಗುಮಾಸ್ತ ಬಂದು ಕೂರುತ್ತಾನೆ. ಆಚಾರ ಎನ್ನುವ ಮಡಿಯ ಮಾತಿಗೆ ಒಂದೊಂದು ಉಪಸರ್ಗ ತಗುಲಿಸುತ್ತಾ ಹೋದರೆ ಮಡಿಯವರ ಬಣ್ಣ ಬಯಲು. ಹರಿಕಥೆ, ಪುರಾಣ ಪ್ರವಚನ ಕೇಳಿ ಬೆಳೆದ ಕಿವಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಸಂಸ್ಕೃತದ ಸಮಾಸವೊಂದನ್ನು ಗಂಭೀರವಾಗಿ ಎತ್ತಿ, ಉಸಿರು ಬಿಡದೆ ಬೆಳೆಸಿ, ಕೊನೆಗೆ ಮೈಸೂರಿನ ಬೀದಿ ಮಾತಿನ ಮೇಲೆ ಧೊಪ್ಪನೆ ಕೆಡವುವುದು ಅವರ ಮಾತಿನ ಪಟ್ಟು. ನಗು ಬರುವುದು ಎತ್ತರದಿಂದ ಬಿದ್ದ ಆ ಸದ್ದಿಗೆ.

ಇನ್ನು ಕಥೆ. ಹಿರಣ್ಣಯ್ಯನವರ ನಾಟಕದಲ್ಲಿ ಕಥೆ ಅನ್ನುವುದು ಬಟ್ಟೆ ಒಣಹಾಕುವ ಹಗ್ಗದ ಹಾಗೆ. ಹಗ್ಗ ಗಟ್ಟಿಯಿದ್ದರೆ ಸಾಕು, ಅದರ ಮೇಲೆ ಯಾವತ್ತು ಯಾವ ಬಟ್ಟೆ ಎಂಬುದು ಆ ದಿನದ ಲೆಕ್ಕ. ಪಾತ್ರ ಮಾತಾಡುತ್ತಿದ್ದ ಹಾಗೇ ಹಿರಣ್ಣಯ್ಯ ಪಾತ್ರದಿಂದ ಆಚೆ ಬಂದು, ಜನರ ಕಡೆ ತಿರುಗಿ, ಆ ವಾರದ ವಿಧಾನಸೌಧವನ್ನು, ಆ ಊರಿನ ಮುನಿಸಿಪಾಲಿಟಿಯನ್ನು ಎಳೆದು ತರುತ್ತಿದ್ದರು. ಮುಂದಿನ ಸಾಲಿನಲ್ಲಿ ಮಂತ್ರಿಯೋ ಅಧಿಕಾರಿಯೋ ಕೂತಿದ್ದರೆ ಮಾತಿನ ಹರಿತ ಕಡಿಮೆಯಾಗುತ್ತಿರಲಿಲ್ಲ, ಹೆಚ್ಚುತ್ತಿತ್ತು. ಹಿಂದಿನ ಸಾಲಿನವರು ಆಗ ನಗುತ್ತಿದ್ದುದು ಮಾತಿಗೆ ಮಾತ್ರವಲ್ಲ, ಮುಂದಿನ ಸಾಲಿನವರ ಕತ್ತಿನ ಹಿಂಭಾಗ ನೋಡಿಕೊಂಡು. ಅಲ್ಲಿ ಆಡುತ್ತಿದ್ದ ನಾಟಕ ಎರಡು. ಒಂದು ರಂಗದ ಮೇಲೆ, ಇನ್ನೊಂದು ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ.

ಮಲೆನಾಡಿನವರಿಗೆ ಈ ಪದ್ಧತಿ ಹೊಸದಾಗಿ ಕಾಣುವುದಿಲ್ಲ. ಮಲ್ಲಂದೂರು, ಕಳಸ, ಮೂಡಿಗೆರೆಯ ಕಡೆ ತೋಟಗಳ ನಡುವೆ ಮನೆಗಳು ದೂರ ದೂರ. ಜನ ಒಂದೆಡೆ ಸೇರುವುದು ಜಾತ್ರೆಗೆ, ಮದುವೆಗೆ, ಆಟಕ್ಕೆ. ಕಾಫಿ ಕೊಯ್ಲಿನ ಆಸುಪಾಸಿನಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬರುವ ಯಕ್ಷಗಾನ ಮೇಳದಲ್ಲಿ ಹಾಸ್ಯಗಾರನಿಗೆ ಬೇರೆ ಯಾರಿಗೂ ಇಲ್ಲದ ಪರವಾನಗಿ ಇದೆ. ಅರ್ಜುನ, ಕರ್ಣರು ದ್ವಾಪರ ಬಿಟ್ಟು ಹೊರಗೆ ಬರುವಂತಿಲ್ಲ. ಬಾಹುಕನೋ ರಜಕನೋ ಬಂದರೆ ಬಸ್ಸಿನ ರಸ್ತೆಯ ಹೊಂಡದ ಮಾತೂ ಬರಬಹುದು. ಪುರಾಣದ ನಡುವೆ ಈ ಊರಿನ ಇವತ್ತನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಅವನು. ಕಂಪನಿ ನಾಟಕ ಆ ಬಾಗಿಲನ್ನು ಅಗಲ ಮಾಡಿತು. ಹಿರಣ್ಣಯ್ಯ ಗೋಡೆಯನ್ನೇ ತೆಗೆದು ಬಾಗಿಲೊಂದನ್ನೇ ಉಳಿಸಿಕೊಂಡರು.

ಈ ವಿಧಾನಕ್ಕೆ ಒಂದು ದೊಡ್ಡ ಅಡ್ಡಿ ಬಂದದ್ದು ಹೊಗಳಿಕೆಯ ವೇಷದಲ್ಲಿ. ಅದು ಕ್ಯಾಸೆಟ್ಟು. 'ಲಂಚಾವತಾರ' ಕ್ಯಾಸೆಟ್ಟಾಗಿ ಮನೆಮನೆಗೆ, ಬಸ್ಸಿಗೆ, ಹೋಟೆಲಿಗೆ ಹೋಯಿತು. ರಂಗಮಂದಿರದ ಮುಖ ಕಾಣದವರೂ ಹಿರಣ್ಣಯ್ಯನವರ ದನಿ ಬಲ್ಲವರಾದರು. ಆದರೆ ಯಾವುದೋ ಒಂದು ರಾತ್ರಿಯ ಮಾತು ಶಾಶ್ವತ ಪಾಠವಾಗಿ ಹೆಪ್ಪುಗಟ್ಟಿತು. ಈಗ ಯೂಟ್ಯೂಬಿನಲ್ಲಿ ಆ ಧ್ವನಿಮುದ್ರಣಗಳನ್ನು ಕೇಳುವ ವಿದ್ಯಾರ್ಥಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಯಾರೋ ಮಂತ್ರಿಯ ಮಾತು, ಯಾವುದೋ ಹಗರಣದ ಸೂಚನೆ, ತಕ್ಷಣ ಸಭೆಯ ನಗು. ನಗು ಕೇಳಿಸುತ್ತದೆ, ಕಾರಣ ತಿಳಿಯುವುದಿಲ್ಲ. ಹಾಸ್ಯಕ್ಕೆ ಅಡಿಟಿಪ್ಪಣಿ ಬೇಕಾಗುವ ಸ್ಥಿತಿ ಇದು. ಹಾಗೆಂದು ಆ ಧ್ವನಿಮುದ್ರಣ ವ್ಯರ್ಥವಲ್ಲ. ಮಾತು ಹಳತಾದರೂ ಮಾತಾಡುವವನ ನಿಲುವು ಹಳತಾಗಿಲ್ಲ. ಅಷ್ಟು ಜನರೆದುರು ಅಷ್ಟು ನಿರ್ಭಿಡೆಯಿಂದ ಒಬ್ಬ ಮನುಷ್ಯ ಮಾತಾಡಿದ್ದಾನೆ ಎಂಬುದು ಅಡಿಟಿಪ್ಪಣಿ ಇಲ್ಲದೆಯೂ ತಿಳಿಯುತ್ತದೆ.

ಇದೇ ಹೊತ್ತಿಗೆ ಇನ್ನೊಂದು ನಾಟಕವನ್ನು ಪಕ್ಕದಲ್ಲಿಟ್ಟು ನೋಡಬಹುದು. ಕಲಾಗಂಗೋತ್ರಿ ತಂಡದ 'ಮುಖ್ಯಮಂತ್ರಿ' 1980ರಲ್ಲಿ ಶುರುವಾಗಿ ನಾಲ್ಕು ದಶಕ ದಾಟಿತು. ಬದಲಿ ನಟನಾಗಿ ಆ ಪಾತ್ರಕ್ಕೆ ಬಂದ ಚಂದ್ರಶೇಖರ್, ಮುಖ್ಯಮಂತ್ರಿ ಚಂದ್ರು ಆಗಿ ಉಳಿದುಬಿಟ್ಟರು. 1985ರಲ್ಲಿ ಗೌರಿಬಿದನೂರಿನಿಂದ ಗೆದ್ದು ನಿಜವಾದ ವಿಧಾನಸಭೆಗೂ ಹೋಗಿ ಬಂದರು. ಅಲ್ಲಿ ವ್ಯಂಗ್ಯ ಬರಹದ ಒಳಗಿದೆ. ಸಾಲು ಬದಲಾಯಿಸುವ ಅಗತ್ಯವಿಲ್ಲ, ಯಾಕೆಂದರೆ ಕುರ್ಚಿಯ ಆಟದ ನಿಯಮ ಬದಲಾಗಿಲ್ಲ. ಅದೇ ನಟ ಅದೇ ಪಾತ್ರದಲ್ಲಿ ಮುಪ್ಪಾಗುತ್ತಾ ಬಂದದ್ದು ನಾಟಕಕ್ಕೆ ಮೊದಲಿಲ್ಲದ ಅರ್ಥ ಕೊಟ್ಟಿತು: ಅಧಿಕಾರ ಬಿಟ್ಟುಕೊಡದೆ ಮುಪ್ಪಾಗುವ ಮನುಷ್ಯ. ಹೀಗೆ ಬರೆದ ಮಾತಿನ ನಾಟಕ ತಾನಾಗಿ ಕಾಲದ ಜೊತೆ ನಡೆಯಬಲ್ಲದು. ಹಿರಣ್ಣಯ್ಯನವರ ನಾಟಕಕ್ಕೆ ಆ ಸೌಕರ್ಯ ಇಲ್ಲ. ಅದನ್ನು ಪ್ರತಿ ಸಂಜೆ ಯಾರಾದರೂ ಕೈಹಿಡಿದು ಇವತ್ತಿಗೆ ನಡೆಸಿಕೊಂಡು ಬರಬೇಕು.

ಆ ಕೆಲಸ ಮಾಡುತ್ತಿದ್ದವರು 2019ರ ಮೇ 2ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ ಹೋದರು. ಮಂಡಳಿಯ ಹೆಸರು ಮಗ ಬಾಬು ಹಿರಣ್ಣಯ್ಯನವರ ಕೈಗೆ ಬಂತು. 1953ರ ಪ್ರಶ್ನೆ ಇನ್ನೊಮ್ಮೆ ಎದುರಾಯಿತು: ಅಪ್ಪನ ಮಾತನ್ನು ಆಡಬೇಕೋ, ಅಪ್ಪ ಮಾಡಿದ್ದನ್ನು ಮಾಡಬೇಕೋ? ಪ್ರೇಕ್ಷಕರಾದ ನಾವು ಈ ಪ್ರಶ್ನೆಯನ್ನು ನಟರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಕ್ಯಾಸೆಟ್ಟಿನ ಮಾತೇ ಬೇಕು ಎಂದು ಕೂಗುವವರು ನಾವೇ.

ಇಲ್ಲಿ ಹಿರಣ್ಣಯ್ಯನವರ ವಿರುದ್ಧ ಹೇಳಬೇಕಾದ್ದನ್ನೂ ಹೇಳಬೇಕು. ಅವರ ನಗೆ ಎಲ್ಲ ರಾಜಕಾರಣಿಗಳನ್ನೂ ಒಂದೇ ಗೋಣಿಗೆ ತುಂಬುತ್ತದೆ. ಎಲ್ಲರೂ ಕಳ್ಳರು ಎಂದರೆ ಕೇಳುವವನಿಗೆ ಹಾಯೆನಿಸುತ್ತದೆ. ತಾನೊಬ್ಬ ಬಿಟ್ಟು ಎಲ್ಲರೂ ಎಂದು ಅವನು ಅರ್ಥಮಾಡಿಕೊಳ್ಳುತ್ತಾನೆ. ಲಂಚ ತೆಗೆದುಕೊಳ್ಳುವ ಕೈಯನ್ನು ನೋಡಿ ನಕ್ಕವನು ಮರುದಿನ ತಾಲ್ಲೂಕು ಕಚೇರಿಯಲ್ಲಿ ಕೊಡುವ ಕೈಯಾಗಿ ನಿಲ್ಲುತ್ತಾನೆ. ಹತ್ತು ಸಾವಿರ ಪ್ರದರ್ಶನಗಳ ನಗು ಅವನ ಕೈಯನ್ನು ಹಿಡಿದು ನಿಲ್ಲಿಸಲಿಲ್ಲ. ಓದಿದ ಸೊಸೆ, ಫ್ಯಾಷನ್ನಿನ ಹುಡುಗಿ, ಬಾಯಿ ಜೋರಿನ ಹೆಂಡತಿ, ಇವರನ್ನು ಹಿಡಿದು ನಗಿಸುವ ಚಾಳಿ ಕಂಪನಿ ನಾಟಕಗಳಿಗೆಲ್ಲ ಇತ್ತು. ಅದನ್ನು ಪರಂಪರೆ ಎಂದು ಜೋಪಾನ ಮಾಡಬೇಕಾಗಿಲ್ಲ. ಬಲ್ಲಿದನನ್ನು ಬೈದು ಬರುವ ನಗುವೂ ಬಡಪಾಯಿಯನ್ನು ಚುಚ್ಚಿ ಬರುವ ನಗುವೂ ಒಂದೇ ಸದ್ದು ಮಾಡುತ್ತವೆ, ಆದರೆ ಒಂದೇ ಅಲ್ಲ.

ಲಂಚ, ಕಚೇರಿ, ಜಾರಿಕೊಳ್ಳುವ ಹೊಣೆ ಇವನ್ನೇ ಹಿಡಿದು ಬೇರೆ ರೀತಿ ನಗಿಸಿದವರು ನಮ್ಮ ಬೆಟ್ಟಗಳಲ್ಲೇ ಇದ್ದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ 'ಕೃಷ್ಣೇಗೌಡನ ಆನೆ' ಕಥೆಯಲ್ಲಿ ಒಂದೊಂದು ಇಲಾಖೆಯೂ ತನ್ನ ತಪ್ಪನ್ನು ಒಂದು ಆನೆಯ ಮೇಲೆ ಹಾಕಿ ನಿರಾಳವಾಗುತ್ತದೆ. ಅಲ್ಲಿ ಖಳನಾಯಕನಿಲ್ಲ, ಭಾಷಣವಿಲ್ಲ. ಓದುತ್ತಾ ನಗುವವನು ನಿಧಾನವಾಗಿ ತಾನೂ ಆ ಊರಿನವನೇ ಎಂದು ಕಂಡುಕೊಳ್ಳುತ್ತಾನೆ. ಹಿರಣ್ಣಯ್ಯ ಬೆರಳು ತೋರಿಸಿ ನಗಿಸುತ್ತಾರೆ, ತೇಜಸ್ವಿ ಕನ್ನಡಿ ಹಿಡಿದು ನಗಿಸುತ್ತಾರೆ. ಕನ್ನಡಿಯ ನಗು ಹೆಚ್ಚು ದಿನ ಬಾಳುತ್ತದೆ, ಆ ಕಥೆ ಇಂದಿಗೂ ಅಡಿಟಿಪ್ಪಣಿ ಬೇಡುವುದಿಲ್ಲ. ಆದರೆ ಬೆರಳಿನ ನಗುವಿಗೆ ಇರುವ ಒಂದು ಬಲ ಕನ್ನಡಿಗೆ ಇಲ್ಲ. ಪುಸ್ತಕ ಓದುವವನು ಒಂಟಿ. ನಾಟಕ ನೋಡುವವನ ಜೊತೆ ಐನೂರು ಜನ ಇರುತ್ತಾರೆ. ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವ ಐನೂರು ಜನ ಅದೇ ಅಧಿಕಾರಿಯ ಎದುರು ಒಟ್ಟಿಗೆ ನಕ್ಕರೆ, ಆ ರಾತ್ರಿಯ ಮಟ್ಟಿಗಾದರೂ ಭಯ ಕಡಿಮೆಯಾಗುತ್ತದೆ. ಲಂಚ ನಿಲ್ಲದಿದ್ದರೂ ಇದು ಸಣ್ಣ ಲಾಭವಲ್ಲ.

ಹಾಗಾದರೆ ಇವತ್ತು 'ಲಂಚಾವತಾರ' ಆಡುವವರು ಏನು ಆಡಬೇಕು? ಹಿರಣ್ಣಯ್ಯನವರ ಕಾಲದಲ್ಲೇ, 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು. 2012ರಲ್ಲಿ ಸಕಾಲ ಬಂತು, ಇಷ್ಟು ದಿನದೊಳಗೆ ನಿಮ್ಮ ಕಾಗದ ನಿಮ್ಮ ಕೈಗೆ ಎಂಬ ಭರವಸೆಯೊಂದಿಗೆ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಹುಟ್ಟಿತು, 2022ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಲಂಚವನ್ನು ಹಿಡಿಯಲು ಬಂದ ಅವತಾರಗಳೇ ಇಷ್ಟು! ದಶಾವತಾರದ ಲೆಕ್ಕ ಹಾಕುತ್ತಾ ಹೋದರೆ ಒಂದು ಪೂರ್ತಿ ಅಂಕಕ್ಕೆ ಇದೇ ಸಾಕು. ಮೇಜಿನ ಕೆಳಗೆ ಕೈ ಚಾಚುತ್ತಿದ್ದ ಗುಮಾಸ್ತನ ಜಾಗದಲ್ಲಿ ಈಗ ಸರ್ವರ್ ಡೌನ್ ಎನ್ನುವ ಪರದೆ ಇದೆ, ಕಚೇರಿಯ ಹೊರಗೆ ಏಜೆಂಟನ ಮೊಬೈಲು ಇದೆ. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ಈ ನಾಟಕ ಆಡುವುದಾದರೆ ಬಗರ್‌ಹುಕುಂ ಅರ್ಜಿಯ ಫಾರಂ 50, 53, 57ರ ಕಥೆ ಬರದೆ ಪರದೆ ಬೀಳಬಾರದು. ತೋಟದ ಅಂಚಿನ ಒಂದೆಕರೆಗೆ ಅರ್ಜಿ ಹಾಕಿ ಕಾದವರು, ಪೋಡಿಗೆ ಅಲೆದವರು, ಪಹಣಿಯ ಒಂದಕ್ಷರ ತಿದ್ದಿಸಲು ಬಸ್ ಚಾರ್ಜು ಕಳೆದವರು ಸಭೆಯಲ್ಲೇ ಕೂತಿರುತ್ತಾರೆ. ಅವರಿಗೆ 1975ರ ಮಂತ್ರಿಯ ಮೇಲಿನ ಮಾತು ಯಾಕೆ?

ಅದೇ ಹೊತ್ತಿಗೆ ಆಡುವವರ ಕಷ್ಟವನ್ನು ಹಗುರಾಗಿ ಕಾಣಬಾರದು. ಹಿರಣ್ಣಯ್ಯ ಒಂದು ಸಭೆಗೆ ಮಾತಾಡಿದರೆ ಮಾತು ಹೆಚ್ಚುಕಡಿಮೆ ಆ ಸಭೆಯಲ್ಲೇ ಉಳಿಯುತ್ತಿತ್ತು. ಹಿಂದೆ ಏನಾಡಿದರು, ಮುಂದೆ ಏನಾಡಿದರು ಎಂಬುದಕ್ಕೆ ಸಭೆಯೇ ಸಾಕ್ಷಿ. ಈಗ ಮೂವತ್ತು ಸೆಕೆಂಡಿನ ತುಣುಕು ಮೊಬೈಲಿನಿಂದ ಹೊರಟು, ನಾಟಕ ನೋಡದವರ ಕೈಯಲ್ಲಿ ದೂರಿನ ಅರ್ಜಿಯಾಗುತ್ತದೆ. 2021ರ ನವೆಂಬರಿನಲ್ಲಿ ಮುನವ್ವರ್ ಫಾರೂಕಿಯವರ ಬೆಂಗಳೂರಿನ ಹಾಸ್ಯ ಕಾರ್ಯಕ್ರಮ ಪೊಲೀಸರ ಸೂಚನೆಯ ಮೇಲೆ ರದ್ದಾದದ್ದು ನೆನಪಿರಬಹುದು. ಹಾಸ್ಯಗಾರನ ಹಳೆಯ ಪರವಾನಗಿಯನ್ನು ಕೊಟ್ಟಿದ್ದು ಸರ್ಕಾರವಲ್ಲ, ಸಭೆ. ಸಭೆ ಅವನ ಬೆನ್ನಿಗೆ ನಿಲ್ಲದಿದ್ದರೆ ಪರವಾನಗಿ ಇಲ್ಲ. ಹಳೆಯ ನಾಟಕವನ್ನು ಹಳೆಯ ಮಾತಿನಲ್ಲೇ ಆಡುವುದು ಸುಲಭ ಎನ್ನುವುದಕ್ಕೆ ಇದೂ ಕಾರಣ. ಸತ್ತ ಮಂತ್ರಿ ದೂರು ಕೊಡುವುದಿಲ್ಲ.

ಆದ್ದರಿಂದ ಮರಳಿ ಬಂದ ಹಾಸ್ಯ ತಂಡವನ್ನು ಅಳೆಯಲು ನನಗೆ ಕಾಣುವ ಅಳತೆಗೋಲು ಇದು. ನಾಟಕ ಚೆನ್ನಾಗಿತ್ತೇ, ನಟರಿಗೆ ವಯಸ್ಸಾಗಿತ್ತೇ, ಮೊದಲಿನ ಹಾಗೆ ಇತ್ತೇ ಎನ್ನುವ ಪ್ರಶ್ನೆಗಳಿಗಿಂತ ಮುಂಚೆ ಕೇಳಬೇಕಾದದ್ದು: ಸಭೆಯಲ್ಲಿ ನಗಲು ಹಿಂಜರಿದವರು ಯಾರಾದರೂ ಇದ್ದರೇ? ಒಬ್ಬರೂ ಇರಲಿಲ್ಲವಾದರೆ ನಾವು ನೋಡಿದ್ದು ಒಂದು ತಿಥಿ. ಊಟ ರುಚಿಯಾಗಿರಬಹುದು, ಹೋದವರ ಬಗ್ಗೆ ಒಳ್ಳೆಯ ಮಾತೂ ಕೇಳಿರಬಹುದು. ಒಬ್ಬರಾದರೂ ಇದ್ದರೆ, ಅವರ ಪಕ್ಕದವರು ಅದನ್ನು ನೋಡಿ ಇನ್ನೂ ಜೋರಾಗಿ ನಕ್ಕಿದ್ದರೆ, ರಂಗದ ಮೇಲಿನ ಮುಖ ಯಾರದೇ ಆಗಿರಲಿ, ಮಂಡಳಿ ನಿಜಕ್ಕೂ ಮತ್ತೆ ಕೂಡಿದೆ.